ಕಾರ್ಡ್ ಕರೆದಾಗಲೆಲ್ಲ ಕರ್ನಲ್ ಏಳಬೇಕೇ?

ಒಂದು ಗಿಗಾಬಿಟ್ ವೇಗದ ಈಥರ್ನೆಟ್ ಕೇಬಲ್ಲಿನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳೇ ಬಿಡುವಿಲ್ಲದೆ ಬಂದರೆ ಸೆಕೆಂಡಿಗೆ 14,88,095 ಪ್ಯಾಕೆಟ್‌ಗಳಾಗುತ್ತವೆ. ಲೆಕ್ಕ ಕಷ್ಟದ್ದಲ್ಲ. ಈಥರ್ನೆಟ್ಟಿನ ಕನಿಷ್ಠ ಫ್ರೇಮ್ (ಕೇಬಲ್ಲಿನಲ್ಲಿ ಹೊದಿಕೆ ಸಮೇತ ಸಾಗುವ ಪ್ಯಾಕೆಟ್) 64 ಬೈಟು. ಅದಕ್ಕೂ ಮೊದಲು ಬರುವ ಮುನ್ಸೂಚನೆಯ 8 ಬೈಟು, ಎರಡು ಫ್ರೇಮುಗಳ ನಡುವೆ ಬಿಡಲೇಬೇಕಾದ 12 ಬೈಟಿನಷ್ಟು ಅಂತರ ಸೇರಿದರೆ 84 ಬೈಟು, ಅಂದರೆ 672 ಬಿಟ್. ನೂರು ಕೋಟಿಯನ್ನು 672ರಿಂದ ಭಾಗಿಸಿದರೆ ಮುಗಿಯಿತು. ಹೀಗೆ ಒಂದೊಂದು ಪ್ಯಾಕೆಟ್ ಬಂದಾಗಲೂ ನೆಟ್‌ವರ್ಕ್ ಕಾರ್ಡ್ ಪ್ರೊಸೆಸರನ್ನು ಕರೆಯುತ್ತಾ ಹೋದರೆ, ಪ್ರತಿ 672 ನ್ಯಾನೊಸೆಕೆಂಡಿಗೊಮ್ಮೆ ಕೈಲಿರುವ ಕೆಲಸ ಬಿಟ್ಟು ಏಳಬೇಕಾಗುತ್ತದೆ. ಕರೆಗೆ ಓಗೊಡುವುದು ಯಾವಾಗ, ಕಿವಿ ಮುಚ್ಚಿಕೊಳ್ಳುವುದು ಯಾವಾಗ ಎಂಬ ಪ್ರಶ್ನೆಯನ್ನು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಮೂವತ್ತು ವರ್ಷಗಳಿಂದ ಮತ್ತೆ ಮತ್ತೆ ಬಿಡಿಸುತ್ತಲೇ ಬಂದಿದೆ.

ಆರಂಭದಲ್ಲಿ ಇದೊಂದು ಪ್ರಶ್ನೆಯೇ ಆಗಿರಲಿಲ್ಲ. 1990ರ ದಶಕದ ಮೊದಲಲ್ಲಿ ಈಥರ್ನೆಟ್ ಎಂದರೆ ಸೆಕೆಂಡಿಗೆ 10 ಮೆಗಾಬಿಟ್. ಪೂರ್ಣ ಗಾತ್ರದ ಒಂದು ಫ್ರೇಮ್ ಬಂದು ಮುಗಿಯಲು 1.2 ಮಿಲಿಸೆಕೆಂಡ್ ಬೇಕಿತ್ತು. ಅಂದಿನ 486 ಪ್ರೊಸೆಸರಿಗೂ ಅದು ಸಾಕಷ್ಟು ಬಿಡುವೇ. ಪ್ಯಾಕೆಟ್ ಬಂತೆಂದು ಕಾರ್ಡ್ ಇಂಟರಪ್ಟ್ (ಕೈಲಿರುವ ಕೆಲಸ ಬಿಟ್ಟು ನೋಡೆಂಬ ಕರೆ) ಕೊಡುತ್ತಿತ್ತು, ಕರ್ನಲ್ ಎದ್ದು ಎತ್ತಿಕೊಳ್ಳುತ್ತಿತ್ತು. ನಿಜವಾದ ತಲೆನೋವು ಬೇರೆ ಇತ್ತು: ಕಾರ್ಡ್ ಎಲ್ಲಿದೆ ಎಂದು ಕಂಡುಹಿಡಿಯುವುದು. ಐಎಸ್ಎ ಎಂಬ ಹಳೆಯ ಮಾದರಿಯ ಸ್ಲಾಟಿನಲ್ಲಿ ಕೂತ ಎನ್ಇ2000 ಮಾದರಿಯ ಅಗ್ಗದ ಕಾರ್ಡುಗಳು ತಮ್ಮ ಇರವನ್ನು ತಾವಾಗಿ ಹೇಳುತ್ತಿರಲಿಲ್ಲ. 0x300, 0x280 ಹೀಗೆ ಸಾಧ್ಯವಿರುವ ವಿಳಾಸಗಳನ್ನು ಒಂದೊಂದಾಗಿ ತಟ್ಟಿ, ಬರುವ ಉತ್ತರ ಈಥರ್ನೆಟ್ ಕಾರ್ಡಿನದೇ ಎಂದು ಡ್ರೈವರ್ (ಕಾರ್ಡನ್ನು ನಡೆಸುವ ಪ್ರೋಗ್ರಾಮು) ಊಹಿಸಬೇಕಿತ್ತು. ಆ ವಿಳಾಸದಲ್ಲಿ ಬೇರೇನಾದರೂ ಇದ್ದರೆ ಇಡೀ ಯಂತ್ರ ಸ್ತಬ್ಧವಾಗುವ ಅಪಾಯವಿತ್ತು. ಆದ್ದರಿಂದಲೇ ಅಂದಿನ ಕರ್ನಲ್ ಒಂದು ಕಾರ್ಡ್ ಸಿಕ್ಕೊಡನೆ ಹುಡುಕಾಟ ನಿಲ್ಲಿಸುತ್ತಿತ್ತು. ಎರಡನೆಯದು ಬೇಕೆಂದರೆ ಬೂಟ್ ಆಗುವಾಗಲೇ ಕೈಯಾರೆ ಬರೆದು ತಿಳಿಸಬೇಕು. ಇಂಥ ಹತ್ತಾರು ಕಾರ್ಡುಗಳಿಗೆ ಡ್ರೈವರ್ ಬರೆದವರು ಅಮೆರಿಕದ ನಾಸಾ ಗೊಡ್ಡಾರ್ಡ್ ಕೇಂದ್ರದಲ್ಲಿದ್ದ ಡೊನಾಲ್ಡ್ ಬೆಕರ್. 1994ರಲ್ಲಿ ಅವರು ಥಾಮಸ್ ಸ್ಟರ್ಲಿಂಗ್ ಜೊತೆ ಸೇರಿ 16 ಸಾಮಾನ್ಯ ಪಿಸಿಗಳನ್ನು ಜೋಡಿಸಿ ಬಿಯೊವುಲ್ಫ್ ಎಂಬ ಗಣಕಸಮೂಹ ಕಟ್ಟಿದರು. ಒಂದು ಈಥರ್ನೆಟ್ ಸಾಲದೆ ಹೋದಾಗ ಒಂದಕ್ಕಿಂತ ಹೆಚ್ಚು ಈಥರ್ನೆಟ್ಟುಗಳನ್ನು ಬೆಸೆದು ಒಂದೇ ಎಂಬಂತೆ ಬಳಸಿದರು. ಇಂದು ಸರ್ವರ್ ನಡೆಸುವವರು ದಿನನಿತ್ಯ ಬಳಸುವ ಬಾಂಡಿಂಗ್ ಹುಟ್ಟಿದ್ದು ಅಲ್ಲಿ.

ಯುನಿಕ್ಸ್ ವಂಶದಲ್ಲಿ ಎಲ್ಲವೂ ಫೈಲ್ ಎಂಬ ಮಾತಿದೆಯಲ್ಲ, ಈಥರ್ನೆಟ್ ಅದಕ್ಕೆ ಅಪವಾದ. ಡಿಸ್ಕಿಗೆ, ಮೌಸಿಗೆ, ಕೀಬೋರ್ಡಿಗೆ 'ಡೆವ್' ಕಡತಕೋಶದಲ್ಲಿ ಒಂದೊಂದು ಹೆಸರುಂಟು. ಈಥರ್ನೆಟ್ ಕಾರ್ಡಿಗೆ ಇಲ್ಲ. ಡಿಸ್ಕ್ ಯಾರಾದರೂ ಕೇಳಿದಾಗ ಮಾತ್ರ ಕೊಡುತ್ತದೆ. ನೆಟ್‌ವರ್ಕ್ ಹಾಗಲ್ಲ, ಯಾರೂ ಕೇಳದೆಯೇ, ಯಾರಿಗೆಂದು ಗೊತ್ತಾಗುವ ಮೊದಲೇ ಬಂದು ಬೀಳುತ್ತದೆ. ಆಮೇಲಿನ ಕಥೆಯೆಲ್ಲ ಈ ಸ್ವಭಾವದಿಂದ ಹುಟ್ಟಿದ್ದು.

ಅಪಾಯವನ್ನು ಅಳೆದು ತೋರಿಸಿದ ಪ್ರಬಂಧ 1996ರ ಜನವರಿಯಲ್ಲಿ ಯೂಸೆನಿಕ್ಸ್ ಎಂಬ ಗಣಕತಜ್ಞರ ಸಂಘದ ಸಮ್ಮೇಳನದಲ್ಲಿ ಮಂಡನೆಯಾಯಿತು. ಬರೆದವರು ಜೆಫ್ರಿ ಮೊಗಲ್ ಮತ್ತು ಕೆ. ಕೆ. ರಾಮಕೃಷ್ಣನ್. ರಾಮಕೃಷ್ಣನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1978ರಲ್ಲಿ ಎಂ.ಟೆಕ್. ಮುಗಿಸಿ ಅಮೆರಿಕಕ್ಕೆ ಹೋದವರು. ಡಿಜಿಟಲ್ ಕಂಪನಿಯ ಯುನಿಕ್ಸ್ ಹಾಕಿದ ಒಂದು ಯಂತ್ರವನ್ನು ರೂಟರ್ ಮಾಡಿ, ಪ್ಯಾಕೆಟ್‌ಗಳನ್ನು ಸೋಸುವ ಪ್ರೋಗ್ರಾಮೊಂದನ್ನು ಅದರಲ್ಲಿ ಓಡಿಸಿ, ಒಳಬರುವ ದಟ್ಟಣೆಯನ್ನು ಅವರು ನಿಧಾನವಾಗಿ ಏರಿಸಿದರು. ಸೆಕೆಂಡಿಗೆ 2,000 ಪ್ಯಾಕೆಟ್ ತನಕ ಯಂತ್ರ ಸರಿಯಾಗಿ ಸಾಗಿಸಿತು. ಅದನ್ನು ಮೀರಿದೊಡನೆ ಹೊರಹೋಗುವ ಪ್ಯಾಕೆಟ್‌ಗಳು ಕಡಿಮೆಯಾಗತೊಡಗಿದವು. 6,000ದ ಹೊತ್ತಿಗೆ ಒಂದೂ ಹೊರಹೋಗಲಿಲ್ಲ. ಪ್ರೊಸೆಸರ್ ಮಾತ್ರ ಪೂರಾ ದುಡಿಯುತ್ತಲೇ ಇತ್ತು. ಇದಕ್ಕೆ ಅವರು ಬಳಸಿದ ಹೆಸರು ರಿಸೀವ್ ಲೈವ್‌ಲಾಕ್.

ಸರ್ಕಾರಿ ಕಚೇರಿಯ ಟಪಾಲು ಶಾಖೆಯನ್ನು ನೆನೆದರೆ ಇದು ಥಟ್ಟನೆ ಅರ್ಥವಾಗುತ್ತದೆ. ಇರುವ ಒಬ್ಬನೇ ಗುಮಾಸ್ತ ಬಂದ ಪ್ರತಿ ಅರ್ಜಿಯನ್ನೂ ಮೊದಲು ಆವಕ ಪುಸ್ತಕದಲ್ಲಿ ಬರೆದು ಸಂಖ್ಯೆ ಹಾಕಬೇಕು, ವಿಲೇವಾರಿ ಆಮೇಲೆ ಎಂಬುದು ನಿಯಮ. ಅರ್ಜಿಗಳು ಎಡೆಬಿಡದೆ ಬಂದರೆ ದಿನವಿಡೀ ಆವಕ ಬರೆಯುವುದೇ ಆಗುತ್ತದೆ, ವಿಲೇವಾರಿ ಸೊನ್ನೆ. ಮೇಜಿನ ಮೇಲೆ ಜಾಗ ಸಾಲದಾದಾಗ ಸಂಖ್ಯೆ ಹಾಕಿದ ಅರ್ಜಿಗಳನ್ನೇ ಬುಟ್ಟಿಗೆ ಎಸೆಯಬೇಕಾಗುತ್ತದೆ. ಕರ್ನಲ್ಲಿನಲ್ಲೂ ಹಾರ್ಡ್‌ವೇರ್ ಇಂಟರಪ್ಟಿಗೆ ಮೊದಲ ಆದ್ಯತೆ, ಪ್ರೊಟೊಕಾಲ್ ಕೆಲಸಕ್ಕೆ ಎರಡನೆಯದು, ಪ್ಯಾಕೆಟ್ಟಿಗಾಗಿ ಕಾದು ಕೂತ ಪ್ರೋಗ್ರಾಮಿಗೆ ಕಡೆಯದು. ಎಸೆಯಲೇಬೇಕಾದ ಪ್ಯಾಕೆಟ್ಟಿನ ಮೇಲೆ ಆಗಲೇ ಅರ್ಧ ಶ್ರಮ ವ್ಯರ್ಥವಾಗಿರುತ್ತದೆ.

ಮೊಗಲ್ ಮತ್ತು ರಾಮಕೃಷ್ಣನ್ ಸೂಚಿಸಿದ ಮದ್ದು ಇದು: ಮೊದಲ ಇಂಟರಪ್ಟ್ ಬಂದ ಕೂಡಲೇ ಆ ಕಾರ್ಡಿನ ಇಂಟರಪ್ಟನ್ನೇ ಬಂದ್ ಮಾಡಿ, ಆಮೇಲೆ ಕರ್ನಲ್ ತಾನೇ ತನ್ನ ಬಿಡುವು ನೋಡಿಕೊಂಡು, ಒಂದು ಮಿತಿಯೊಳಗೆ ಪ್ಯಾಕೆಟ್‌ಗಳನ್ನು ಎತ್ತಿಕೊಳ್ಳಲಿ. ಹೆಚ್ಚಾದದ್ದು ಕಾರ್ಡಿನಲ್ಲೇ ಉಕ್ಕಿ ಹೋಗಲಿ. ಅಲ್ಲಿ ಕಳೆದುಹೋದ ಪ್ಯಾಕೆಟ್ಟಿಗೆ ಪ್ರೊಸೆಸರ್ ಒಂದು ಕ್ಷಣವನ್ನೂ ಖರ್ಚು ಮಾಡಿರುವುದಿಲ್ಲ. ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ದಿಟ್ಟ ವಿಚಾರ ಮತ್ತೊಂದಿಲ್ಲ. ಹೇಗೂ ಎಸೆಯಬೇಕಾದದ್ದನ್ನು ಖರ್ಚಿಲ್ಲದ ಕಡೆ ಎಸೆಯುವುದೂ ವಿನ್ಯಾಸದ ಭಾಗ ಎಂದು ಒಪ್ಪಿಕೊಳ್ಳಲು ಎಂಜಿನಿಯರುಗಳಿಗೆ ಸುಲಭಕ್ಕೆ ಮನಸ್ಸು ಬರುವುದಿಲ್ಲ.

ಲಿನಕ್ಸಿನವರು ಇದನ್ನು ಕೂಡಲೇ ಕೈಗೆತ್ತಿಕೊಳ್ಳಲಿಲ್ಲ. ಅವರಿಗೆ ಬಿಸಿ ಮುಟ್ಟಿಸಿದ್ದು ಬೇರೆಯೇ ಪ್ರಸಂಗ. 1999ರ ಏಪ್ರಿಲ್‌ನಲ್ಲಿ ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ ಮೈಕ್ರೋಸಾಫ್ಟ್ ಕೊಟ್ಟ ದುಡ್ಡಿನಲ್ಲಿ ಒಂದು ಹೋಲಿಕೆ ಪರೀಕ್ಷೆ ನಡೆಸಿತು. ನಾಲ್ಕು ಪ್ರೊಸೆಸರ್, ನಾಲ್ಕು 100 ಮೆಗಾಬಿಟ್ ಕಾರ್ಡ್ ಇದ್ದ ಸರ್ವರಿನಲ್ಲಿ ವಿಂಡೋಸ್ ಎನ್‌ಟಿ ಲಿನಕ್ಸಿಗಿಂತ ಫೈಲ್ ಸೇವೆಯಲ್ಲಿ 2.5 ಪಟ್ಟು, ವೆಬ್ ಸೇವೆಯಲ್ಲಿ 3.7 ಪಟ್ಟು ವೇಗ ಎಂದು ಫಲಿತಾಂಶ ಬಂತು. ಪರೀಕ್ಷೆ ಪಕ್ಷಪಾತದ್ದೆಂದು ಗಲಾಟೆಯೆದ್ದಿತು, ಕಾರಣವೂ ಇತ್ತು. ಆದರೆ ಗಲಾಟೆಯ ಅಡಿಯಲ್ಲಿ ನಿಜವೊಂದಿತ್ತು. ಲಿನಕ್ಸಿನ ಅಂದಿನ 2.2 ಆವೃತ್ತಿಯಲ್ಲಿ, ಬಂದ ಪ್ಯಾಕೆಟ್‌ಗಳ ಮುಂದಿನ ಕೆಲಸವನ್ನು ಒಂದು ಸಮಯಕ್ಕೆ ಒಂದೇ ಪ್ರೊಸೆಸರ್ ಮಾಡಬಹುದಿತ್ತು. ನಾಲ್ಕಿದ್ದರೂ ಮೂರು ಸರದಿ ಕಾಯುತ್ತಿದ್ದವು. 2001ರ ಜನವರಿಯಲ್ಲಿ ಬಂದ 2.4ರಲ್ಲಿ ಈ ಕೆಲಸ ಪ್ರೊಸೆಸರಿಗೊಂದರಂತೆ ಹಂಚಿಕೆಯಾಯಿತು. ಆದರೂ ಪ್ಯಾಕೆಟ್ಟಿಗೊಂದು ಇಂಟರಪ್ಟ್ ಎಂಬ ಮೂಲ ರೋಗ ಹಾಗೆಯೇ ಉಳಿಯಿತು.

ಅದಕ್ಕೆ ಕೈ ಹಾಕಿದವರು ಮೂವರು: ಜಮಾಲ್ ಹಾದಿ ಸಲೀಂ, ಸ್ವೀಡನ್ನಿನ ರಾಬರ್ಟ್ ಓಲ್ಸನ್, ರಷ್ಯಾದ ಅಲೆಕ್ಸಿ ಕುಜ್ನೆಟ್ಸೊವ್. 2001ರಲ್ಲಿ ಅವರು ಮುಂದಿಟ್ಟ ವ್ಯವಸ್ಥೆಯ ಹೆಸರು ನ್ಯಾಪಿ. 2002ರ ನವೆಂಬರ್‌ನಲ್ಲಿ ಬಂದ 2.4.20ರ ಮೂಲಕ ಅದು ಸಾಮಾನ್ಯ ಬಳಕೆದಾರರಿಗೂ ಸಿಕ್ಕಿತು. ಅದೇ ಕಾಲದಲ್ಲಿ ಯುನಿಕ್ಸ್ ವಂಶದ ಇನ್ನೊಂದು ವ್ಯವಸ್ಥೆ ಫ್ರೀಬಿಎಸ್‌ಡಿಗಾಗಿ ಇಟಲಿಯ ಲೂಯಿಜಿ ರಿಜ್ಜೋ ಇಂಟರಪ್ಟನ್ನು ಬಿಟ್ಟು ಗಡಿಯಾರದ ಮಿಡಿತಕ್ಕೊಮ್ಮೆ ಕಾರ್ಡನ್ನು ನೋಡುವ ವಿಧಾನ ಮಾಡಿದ್ದರು. ನ್ಯಾಪಿಯದು ಎರಡರ ನಡುವಿನ ದಾರಿ: ಬಿಡುವಿದ್ದಾಗ ಇಂಟರಪ್ಟ್, ಒತ್ತಡವಿದ್ದಾಗ ಪೋಲಿಂಗ್, ಅಂದರೆ ಕರೆಗೆ ಕಾಯದೆ ಕರ್ನಲ್ ತಾನೇ ಹೋಗಿ ನೋಡುವುದು.

ಅದು ನಡೆಯುವ ಬಗೆ ಹೀಗೆ. ಕಾರ್ಡ್ ಮತ್ತು ಡ್ರೈವರ್ ನಡುವೆ ಮೆಮೊರಿಯಲ್ಲಿ ಒಂದು ರಿಂಗ್ ಇರುತ್ತದೆ. ಸಾಲು ಖಾನೆಗಳು, ಕೊನೆಯದು ಮುಗಿದರೆ ಮತ್ತೆ ಮೊದಲನೆಯದು. ಪ್ಯಾಕೆಟ್ ಬಂದಾಗ ಕಾರ್ಡ್ ಪ್ರೊಸೆಸರನ್ನು ಕೇಳದೆ ಡಿಎಂಎ ಎಂಬ ನೇರ ದಾರಿಯ ಮೂಲಕ ಅದನ್ನು ಮೆಮೊರಿಗೆ ಹಾಕಿ, ಖಾನೆಯಲ್ಲಿ 'ತುಂಬಿದೆ' ಎಂಬ ಗುರುತು ಮಾಡಿ ಇಂಟರಪ್ಟ್ ಕೊಡುತ್ತದೆ. ಡ್ರೈವರಿನ ಇಂಟರಪ್ಟ್ ಭಾಗ ಪ್ಯಾಕೆಟ್ಟನ್ನು ಮುಟ್ಟುವುದೇ ಇಲ್ಲ. ಕಾರ್ಡಿನ ಬಾಯಿ ಮುಚ್ಚಿಸಿ, ನೋಡಬೇಕಾದವರ ಪಟ್ಟಿಗೆ ಅದನ್ನು ಸೇರಿಸಿ ಹೊರಡುತ್ತದೆ. ಆಮೇಲೆ ಕರ್ನಲ್ ಪಟ್ಟಿಯಲ್ಲಿರುವ ಪ್ರತಿ ಕಾರ್ಡಿನಿಂದ ಒಂದು ಸರದಿಗೆ ಸಾಮಾನ್ಯವಾಗಿ 64 ಪ್ಯಾಕೆಟ್ ತನಕ ಎತ್ತಿಕೊಳ್ಳುತ್ತದೆ. ಎಲ್ಲ ಸೇರಿ 300 ಪ್ಯಾಕೆಟ್ ಆದರೆ, ಈಗಿನ ಕರ್ನಲ್ಲುಗಳಲ್ಲಿ ಕೆಲವು ಮಿಲಿಸೆಕೆಂಡ್ ಕಳೆದರೂ, ಕೆಲಸ ನಿಲ್ಲಿಸಿ ಉಳಿದವರಿಗೆ ದಾರಿ ಬಿಡುತ್ತದೆ. ರಿಂಗ್ ಬರಿದಾಗಿದ್ದರೆ ಮಾತ್ರ ಕಾರ್ಡಿಗೆ ಮತ್ತೆ ಕರೆಯುವ ಹಕ್ಕು ಸಿಗುತ್ತದೆ.

ಈ ಕೊನೆಯ ಹೆಜ್ಜೆಯಲ್ಲೊಂದು ಸೂಕ್ಷ್ಮವಿದೆ, ಡ್ರೈವರ್ ಬರೆಯುವವರ ನಿದ್ದೆ ಕೆಡಿಸಿದ ಸೂಕ್ಷ್ಮ. ರಿಂಗ್ ಬರಿದಾಗಿದೆ ಎಂದು ನೋಡಿದ ಕ್ಷಣಕ್ಕೂ ಇಂಟರಪ್ಟನ್ನು ಮತ್ತೆ ತೆರೆಯುವ ಕ್ಷಣಕ್ಕೂ ನಡುವೆ ಒಂದು ಪ್ಯಾಕೆಟ್ ಬಂದು ಬಿದ್ದರೆ? ಕಾರ್ಡಿನ ಬಾಯಿ ಆಗ ಮುಚ್ಚಿದೆ, ಕರ್ನಲ್ ನೋಡಿ ಮುಗಿಸಿದೆ. ಆ ಪ್ಯಾಕೆಟ್ ಮುಂದಿನ ಪ್ಯಾಕೆಟ್ ಬರುವ ತನಕ ರಿಂಗಿನಲ್ಲೇ ಕೊಳೆಯುತ್ತಾ ಬಿದ್ದಿರುತ್ತದೆ. ಕೆಲವು ಕಾರ್ಡುಗಳು ಇಂಟರಪ್ಟ್ ತೆರೆದೊಡನೆ ಬಾಕಿ ಇದ್ದುದನ್ನು ತಾವೇ ಹೇಳುತ್ತವೆ, ಕೆಲವು ಹೇಳುವುದಿಲ್ಲ. ಹೇಳದ ಕಾರ್ಡಿಗೆ ಡ್ರೈವರ್ ಇಂಟರಪ್ಟ್ ತೆರೆದ ಮೇಲೆ ರಿಂಗಿನ ಕಡೆ ಇನ್ನೊಮ್ಮೆ ತಿರುಗಿ ನೋಡಲೇಬೇಕು. ನೂರಾರು ಡ್ರೈವರುಗಳಲ್ಲಿ ಕಾಣುವ, ಮೇಲ್ನೋಟಕ್ಕೆ ಅನವಶ್ಯಕ ಎನಿಸುವ ಒಂದೆರಡು ಸಾಲುಗಳ ಹಿನ್ನೆಲೆ ಇದು.

ಮುಂದಿನ ದಶಕ 10 ಗಿಗಾಬಿಟ್‌ನದು. ಚಿಕ್ಕ ಪ್ಯಾಕೆಟ್ಟಿಗೆ ಸಿಗುವ ಸಮಯ 67 ನ್ಯಾನೊಸೆಕೆಂಡಿಗೆ ಇಳಿಯಿತು. ಮುಖ್ಯ ಮೆಮೊರಿಯಿಂದ ಒಮ್ಮೆ ಓದುವುದರಲ್ಲೇ ಆ ಹೊತ್ತು ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಕಾರ್ಡುಗಳು ಹಲವು ಸಾಲುಗಳನ್ನು ಇಟ್ಟುಕೊಂಡು ಪ್ರೊಸೆಸರಿನ ಒಂದೊಂದು ಕೋರಿಗೆ ಒಂದೊಂದು ಸಾಲು ಒಪ್ಪಿಸತೊಡಗಿದವು. 2009ರ 2.6.29 ಕರ್ನಲ್ ಒಂದೇ ಸಂಪರ್ಕದ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿ ಒಂದೇ ದೊಡ್ಡ ಪ್ಯಾಕೆಟ್ಟಿನಂತೆ ಮೇಲಕ್ಕೆ ಕಳಿಸಲು ಕಲಿತಿತು. ಇಷ್ಟಕ್ಕೂ ತಾಳ್ಮೆಯಿಲ್ಲದವರು ಕರ್ನಲ್ಲನ್ನೇ ಬದಿಗಿಟ್ಟರು: ಇಂಟೆಲ್ ಶುರುಮಾಡಿದ ಡಿಪಿಡಿಕೆಯಲ್ಲಿ ಅಪ್ಲಿಕೇಶನ್ ಕಾರ್ಡನ್ನು ನೇರವಾಗಿ ಹಿಡಿದು ಎಡೆಬಿಡದೆ ನೋಡುತ್ತಾ ಇರುತ್ತದೆ. ವೇಗಕ್ಕೆ ಎದುರಿಲ್ಲ. ಆದರೆ ಒಂದೂ ಪ್ಯಾಕೆಟ್ ಬಾರದ ನಡುರಾತ್ರಿಯಲ್ಲೂ ಆ ಕೋರ್ ನೂರಕ್ಕೆ ನೂರು ಉರಿಯುತ್ತಲೇ ಇರುತ್ತದೆ. ಕರ್ನಲ್ ಬಳಗದ ಉತ್ತರ 2016ರ 4.8ರಲ್ಲಿ ಎಕ್ಸ್‌ಡಿಪಿ ಎಂಬ ಹೆಸರಿನಲ್ಲಿ ಬಂತು. ಪ್ಯಾಕೆಟ್ ರಿಂಗಿನಿಂದ ಹೊರಬಂದ ಕೂಡಲೇ, ಇನ್ನೂ ಅದಕ್ಕೊಂದು ದಾಖಲೆ ತೆರೆಯುವ ಮೊದಲೇ, ಬೇಡದ್ದನ್ನು ಎಸೆಯುವ ಅವಕಾಶ ಅದು ಕೊಡುತ್ತದೆ. 1996ರ ಪ್ರಬಂಧದ ವಾದವೇ ಇದು, ವೇಷ ಮಾತ್ರ ಬೇರೆ.

ವಾದ ಮುಗಿದಿಲ್ಲ ಎನ್ನುವುದಕ್ಕೆ ಇನ್ನೊಂದು ಸಾಕ್ಷಿ. ಪ್ಯಾಕೆಟ್ ಕೆಲಸ ಮಿತಿಮೀರಿದಾಗ ಅದನ್ನು ಕೆಸಾಫ್ಟ್‌ಐಆರ್‌ಕ್ಯೂಡಿ ಎಂಬ ಸಾಮಾನ್ಯ ದರ್ಜೆಯ ಥ್ರೆಡ್ಡಿಗೆ (ಕರ್ನಲ್ಲಿನೊಳಗಿನ ಕೆಲಸದ ಎಳೆಗೆ) ವಹಿಸಿ, ಬೇರೆ ಪ್ರೋಗ್ರಾಮುಗಳ ಜೊತೆ ಸರದಿಯಲ್ಲಿ ನಿಲ್ಲಿಸಬೇಕೆಂದು 2016ರಲ್ಲಿ ಒಂದು ಬದಲಾವಣೆ ಸೇರಿತು. ಬೇರೆ ಕೆಲಸಗಳಿಗೆ ವಿಳಂಬವಾಗುತ್ತಿದೆ ಎಂಬ ದೂರುಗಳ ನಂತರ 2023ರಲ್ಲಿ ಅದನ್ನೇ ಹಿಂದಕ್ಕೆ ತೆಗೆದುಕೊಂಡರು.

ಇತ್ತೀಚಿನ ಅಧ್ಯಾಯ 2025ರ ಜನವರಿಯಲ್ಲಿ ಬಂದ 6.13ರದು. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಮಾರ್ಟಿನ್ ಕಾರ್ಸ್ಟನ್ ಮತ್ತು ಎಂಜಿನಿಯರ್ ಜೋ ದಮಾಟೊ ಸೇರಿ ಮಾಡಿದ ಸಣ್ಣ ತಿದ್ದುಪಡಿ ಇದು. ಅಪ್ಲಿಕೇಶನ್ ಪ್ಯಾಕೆಟ್‌ಗಳನ್ನು ತಾನೇ ಬಂದು ಒಯ್ಯುತ್ತಿರುವಷ್ಟು ಹೊತ್ತು ಕಾರ್ಡಿನ ಇಂಟರಪ್ಟ್ ಅಮಾನತಿನಲ್ಲಿರುತ್ತದೆ. ಅಪ್ಲಿಕೇಶನ್ ಕೈಕಟ್ಟಿ ಕೂತೊಡನೆ ಹಳೆಯ ಪದ್ಧತಿ ಮರಳುತ್ತದೆ. ಡೇಟಾ ಸೆಂಟರುಗಳ ವಿದ್ಯುತ್ ಶೇ. 30ರವರೆಗೆ ಉಳಿಯಬಹುದು ಎಂಬ ಸಂಖ್ಯೆ ಸುದ್ದಿಯ ತಲೆಬರಹಗಳಲ್ಲಿ ಓಡಾಡಿತು. ಅದನ್ನು ಇಡೀ ಕಟ್ಟಡದ ಬಿಲ್ಲಿಗೆ ಅನ್ವಯಿಸುವುದು ದುಡುಕು. ಉಳಿತಾಯವೇನಿದ್ದರೂ ನೆಟ್‌ವರ್ಕಿಗಾಗಿ ಪ್ರೊಸೆಸರ್ ದುಡಿಯುವ ಕೆಲಸಗಳದು. ಹೊಸ ಕರ್ನಲ್ ಹಾಕಿದ ಮಾತ್ರಕ್ಕೆ ಇದು ತಾನಾಗಿ ಚಾಲೂ ಆಗುವುದೂ ಇಲ್ಲ. ಕಾರ್ಡಿಗೆ ಎಷ್ಟು ಹೊತ್ತು ಸುಮ್ಮನಿರಬೇಕೆಂಬ ಅವಧಿಯನ್ನು ಆಡಳಿತಗಾರರು ಹೊಂದಿಸಬೇಕು, ಅಪ್ಲಿಕೇಶನ್ನೂ ಹಾಗೆ ಕೇಳಿಕೊಳ್ಳುವಂತೆ ಬರೆದಿರಬೇಕು. ಮನೆಯ ಲ್ಯಾಪ್‌ಟಾಪಿನಲ್ಲಿ ಇಂದಿಗೂ ನಡೆಯುವುದು 2002ರ ನ್ಯಾಪಿಯ ಪದ್ಧತಿಯೇ.