ಲೆನ್ಸಿನ ಹುಟ್ಟುಗುಣ

ನಮ್ಮ ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರಿಗೆ ಹಳದಿ ರೋಗ ಅಂದರೆ ಸಾಕು, ಎದೆ ಝಲ್ ಅನ್ನುತ್ತದೆ. ಕಾಸರಗೋಡಿನ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಗೇಟು ದಾಟುವ ಬಸ್ಸಿನಲ್ಲೂ ಅದೇ ಮಾತು. ರೋಗ ಬಂದ ಅಡಿಕೆ ಮರದೊಳಗೆ ಫೈಟೋಪ್ಲಾಸ್ಮಾ ಎಂಬ, ಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಜೀವಿ ಇದೆ ಎಂಬ ವರದಿ 1978ರಲ್ಲಿ ಬಂತು. ಅದನ್ನು ತೋರಿಸಿದ್ದು ಬೆಳಕಿನ ಬದಲು ಎಲೆಕ್ಟ್ರಾನುಗಳಿಂದ ಚಿತ್ರ ಮೂಡಿಸುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ತಮಾಷೆ ಏನೆಂದರೆ, ಆಗ ಆ ಯಂತ್ರಕ್ಕೇ ದೃಷ್ಟಿದೋಷ ಇತ್ತು.

1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಇದರ ಮೊದಲ ರೂಪ ಕಟ್ಟಿದರು. ಇದರಲ್ಲಿ ಗಾಜಿನ ಲೆನ್ಸ್ ಇಲ್ಲ. ತಂತಿ ಸುರುಳಿಯ ಕಾಂತಶಕ್ತಿಯೇ ಎಲೆಕ್ಟ್ರಾನುಗಳನ್ನು ಬಾಗಿಸಿ ಒಂದೆಡೆ ಸೇರಿಸುತ್ತದೆ. ಆದರೆ ಅಂಚಿನಲ್ಲಿ ಹಾದುಹೋದವು ಬೇಕಾದ್ದಕ್ಕಿಂತ ಜಾಸ್ತಿ ಬಾಗುತ್ತವೆ. ಹಾಗಾಗಿ ಚುಕ್ಕೆ ಚುಕ್ಕೆಯಾಗಿ ಉಳಿಯುವುದಿಲ್ಲ, ಕಾಗದಕ್ಕೆ ಬಿದ್ದ ಎಣ್ಣೆಹನಿಯಂತೆ ಹರಡುತ್ತದೆ.

ಕ್ಯಾಮೆರಾದಲ್ಲಾದರೆ ಉಬ್ಬು ಲೆನ್ಸಿನ ತಪ್ಪನ್ನು ತಗ್ಗು ಲೆನ್ಸ್ ತಿದ್ದುತ್ತದೆ. ಇಲ್ಲೂ ಹಾಗೆ ಮಾಡಬಹುದಲ್ವಾ? ಆಗದು ಎಂದು 1936ರಲ್ಲಿ ಜರ್ಮನಿಯ ಭೌತವಿಜ್ಞಾನಿ ಒಟ್ಟೊ ಶೆರ್ಜರ್ ಲೆಕ್ಕ ಹಾಕಿಯೇ ತೋರಿಸಿದರು. ಲೆನ್ಸ್ ದುಂಡಗಿದ್ದರೆ ಎಷ್ಟೇ ನಾಜೂಕಾಗಿ ಮಾಡಿದರೂ ದೋಷ ಇದ್ದದ್ದೇ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಹಾಗೆ. ಅದೇ ಶೆರ್ಜರ್ 1947ರಲ್ಲಿ ದಾರಿಯನ್ನೂ ಹೇಳಿದರು: ದುಂಡು ಆಕಾರದ ಹಟ ಬಿಡಿ. ಈ ದೋಷ ಕಳೆಯಲೆಂದೇ ಡೆನಿಸ್ ಗಾಬೊರ್ 1948ರಲ್ಲಿ, ಅಲೆಗಳ ಪೂರ್ತಿ ವಿವರ ದಾಖಲಿಸಿ ಚಿತ್ರ ಮತ್ತೆ ಮೂಡಿಸುವ ಹಾಲೋಗ್ರಫಿಯನ್ನು ಮುಂದಿಟ್ಟರು. ಸೂಕ್ಷ್ಮದರ್ಶಕ ಸರಿಯಾಗಲಿಲ್ಲ, ಗಾಬೊರ್‌ಗೆ ನೊಬೆಲ್ ಬಂತು!

ದುಂಡು ಬಿಡಿ ಎಂದು ಶೆರ್ಜರ್ ಹೇಳಿದ್ದೇನೋ ಸರಿ, ಹೇಳುವುದು ಸುಲಭ. ಹಲವು ಧ್ರುವಗಳ ಕಾಂತಗಳನ್ನು ಸಾಲಾಗಿ ಇಟ್ಟು, ಒಂದನ್ನು ಸರಿಮಾಡಲು ಹೋದರೆ ಇನ್ನೊಂದು ಕೆಡುತ್ತಿತ್ತು. ಸುಮ್ನೆ ಕೂತು ಕೈಯಲ್ಲಿ ತಿರುಪು ತಿರುಗಿಸಿ ಮುಗಿಯುವ ಕೆಲಸವಲ್ಲ ಅದು. ಕಂಪ್ಯೂಟರ್ ಚಿತ್ರದಿಂದಲೇ ದೋಷ ಅಳೆದು, ಪ್ರತಿ ಕಾಂತಕ್ಕೂ ಎಷ್ಟು ಕರೆಂಟು ಬೇಕೆಂದು ಹೊಂದಿಸುವ ಕಾಲ ಬರಬೇಕಾಯಿತು. ಶೆರ್ಜರ್ ಶಿಷ್ಯ ಹರಾಲ್ಡ್ ರೋಸ್ 1990ರಲ್ಲಿ ಆರು ಧ್ರುವದ ಕಾಂತಗಳ ವಿನ್ಯಾಸ ಕೊಟ್ಟರು. ಮ್ಯಾಕ್ಸಿಮಿಲಿಯನ್ ಹೈಡರ್, ಕ್ನುಟ್ ಉರ್ಬಾನ್ ಜೊತೆ ಸೇರಿ ಅದನ್ನು ನಿಜ ಮಾಡಿದರು. ಎರಡು ಚುಕ್ಕೆ ಬೇರೆ ಬೇರೆಯಾಗಿ ಕಾಣಲು ಬೇಕಾದ ಅಂತರದ ಮಿತಿ 0.24 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು) ಇದ್ದದ್ದು 1998ರ ಹೊತ್ತಿಗೆ 0.14ರ ಆಸುಪಾಸಿಗೆ ಇಳಿಯಿತು. ಪೆನ್ಸಿಲ್ ಕಡ್ಡಿಯ ಗ್ರಾಫೈಟಿನಲ್ಲಿ ಅಕ್ಕಪಕ್ಕದ ಎರಡು ಇಂಗಾಲದ ಪರಮಾಣುಗಳ ನಡುವಿನ ಅಂತರವೂ ಹೆಚ್ಚುಕಮ್ಮಿ ಅಷ್ಟೇ. ಬೇರೆ ಬಗೆಯ ಯಂತ್ರದಲ್ಲಿ ಒಂದ್ರೆಯ್ ಕ್ರಿವಾನೆಕ್ ಇದೇ ಕೆಲಸ ಸಾಧಿಸಿದರು. ನಾಲ್ವರಿಗೂ ನ್ಯಾನೋವಿಜ್ಞಾನಕ್ಕಾಗಿ ಕೊಡುವ 2020ರ ಕಾವ್ಲಿ ಪ್ರಶಸ್ತಿ ಬಂತು.

ಹಳದಿ ರೋಗದ ಜೀವಿಗೆ ಇಷ್ಟೆಲ್ಲ ಬೇಕಿರಲಿಲ್ಲ ಬಿಡಿ. ಅದು ಕೆಲವು ನೂರು ನ್ಯಾನೋಮೀಟರ್ ದಪ್ಪ, ಮಸುಕು ಲೆನ್ಸಿಗೂ ಕಂಡಿತು. ಮದ್ದು ಮಾತ್ರ ಇನ್ನೂ ಸಿಕ್ಕಿಲ್ಲ.