ಹೊಟ್ಟೆ ಹುಣ್ಣಿಗೆ ಬಿಸ್ಮತ್ ಮತ್ತೆ ಮುಂದೆ ಬಂದದ್ದೇಕೆ?

1982ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಜಠರದ ಸುರುಳಿಯಾಕಾರದ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಹುಣ್ಣಿಗೆ ಚಿಂತೆ ಮತ್ತು ಆಮ್ಲವೇ ಮೂಲ ಎಂದು ಅಲ್ಲಿಯವರೆಗೆ ವೈದ್ಯರೂ ನಂಬಿದ್ದರು. ಹುಣ್ಣಿಗೆ ಕಾರಣವೆಂದು ತಿಳಿದುಬಂದ ಆ ಬ್ಯಾಕ್ಟೀರಿಯವನ್ನು ಈಗ ಹೆಲಿಕೋಬ್ಯಾಕ್ಟರ್ ಪೈಲೋರಿ ಎನ್ನುತ್ತೇವೆ.

ಕಾರಣ ಸಿಕ್ಕಿತು, ಮದ್ದು ಸುಲಭವಾಗಿ ಸಿಗಲಿಲ್ಲ. ಜಠರದ ಲೋಳೆಪದರದಲ್ಲಿ ಅಡಗಿರುವ ಈ ಜೀವಿಗೆ ಒಂದೇ ಆ್ಯಂಟಿಬಯೋಟಿಕ್ ಸಾಲದು. 1980ರ ದಶಕದಲ್ಲೇ ಬಿಸ್ಮತ್ ಎಂಬ ಲೋಹದ ಲವಣ, ಜೊತೆಗೆ ಟೆಟ್ರಾಸೈಕ್ಲಿನ್, ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್‌ಗಳು, ಈ ಮೂರನ್ನೂ ಸೇರಿಸಿ ಕೊಟ್ಟು ಗೆದ್ದವರಿದ್ದರು. ಆದರೆ ದಿನಕ್ಕೆ ಹಲವು ಬಾರಿ ಮಾತ್ರೆ, ವಾಕರಿಕೆ, ಕಪ್ಪಾದ ಮಲ. ರೋಗಿಗಳು ನಡುವೆಯೇ ಬಿಟ್ಟುಬಿಡುತ್ತಿದ್ದರು.

1990ರ ದಶಕದಲ್ಲಿ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಜೊತೆ ಅಮಾಕ್ಸಿಸಿಲಿನ್, ಕ್ಲಾರಿಥ್ರೊಮೈಸಿನ್ ಎಂಬ ಎರಡು ಆ್ಯಂಟಿಬಯೋಟಿಕ್‌ಗಳು ಸೇರಿದ ತ್ರಿವಳಿ ಚಿಕಿತ್ಸೆ ಬಂತು. ದಿನಕ್ಕೆ ಎರಡು ಹೊತ್ತು, ಒಂದು ವಾರ. ಇಲ್ಲಿ ಒಮೆಪ್ರಜೋಲ್ ನೋವು ಇಳಿಸಲಿಕ್ಕಷ್ಟೇ ಇಲ್ಲ. ಅಮಾಕ್ಸಿಸಿಲಿನ್ ವಿಭಜನೆಯಾಗುತ್ತಿರುವ ಬ್ಯಾಕ್ಟೀರಿಯವನ್ನು ಮಾತ್ರ ಕೊಲ್ಲಬಲ್ಲದು. ಜಠರದ ಆಮ್ಲ ತಗ್ಗಿದಾಗಲೇ ಇವು ಚುರುಕಾಗಿ ವಿಭಜನೆಯಾಗುವುದು. ಆಮ್ಲ ಸರಿಯಾಗಿ ತಗ್ಗದಿದ್ದರೆ ಆ್ಯಂಟಿಬಯೋಟಿಕ್‌ನ ಏಟು ಅರ್ಧಕ್ಕೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯ ಅತ್ಯಂತ ಜಾಣ ಯೋಚನೆ ಇದು.

ಪೆಟ್ಟು ಬಿದ್ದದ್ದು ಕ್ಲಾರಿಥ್ರೊಮೈಸಿನ್‌ಗೆ. ಶ್ವಾಸಕೋಶದ ಸೋಂಕುಗಳಿಗೂ ಅದನ್ನೇ ಧಾರಾಳವಾಗಿ ಬರೆಯಲಾಯಿತು. ಬ್ಯಾಕ್ಟೀರಿಯದೊಳಗೆ ಪ್ರೋಟೀನ್ ತಯಾರಿಸುವ ರೈಬೋಸೋಮ್‌ನಲ್ಲಿ ಒಂದೇ ಒಂದು ಬದಲಾವಣೆಯಾದರೂ ಔಷಧ ಅಲ್ಲಿ ಅಂಟದು. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೀಗೆ ಔಷಧಕ್ಕೆ ಬಗ್ಗದ ನಿರೋಧಕ ತಳಿಯನ್ನು, ಹೊಸ ಆ್ಯಂಟಿಬಯೋಟಿಕ್ ಬೇಕಾದ ಬ್ಯಾಕ್ಟೀರಿಯಗಳ ಹೆಚ್ಚಿನ ಆದ್ಯತೆಯ ಪಟ್ಟಿಗೆ ಸೇರಿಸಿತು.

ಹೋಲಿಕೆಯ ಅಧ್ಯಯನಗಳಲ್ಲೂ ಒಂದು ತೊಡಕಿತ್ತು. ಸೋಲುತ್ತಿರುವ ತ್ರಿವಳಿಗಿಂತ ಹೊಸ ಜೋಡಣೆ ಮೇಲು ಎಂದು ತೋರಿಸಿದರೆ ಗೆದ್ದಂತೆ ಕಾಣುತ್ತದೆ, ರೋಗಿ ಗುಣವಾದನೇ ಎಂಬುದು ಬೇರೆ ಪ್ರಶ್ನೆ. ಹಾಗಾಗಿ ನೂರರಲ್ಲಿ 90 ಜನರಾದರೂ ಗುಣವಾಗಬೇಕು ಎಂಬ ಮಾನದಂಡ ಬಲವಾಯಿತು. 2016ರಲ್ಲಿ ಪ್ರಕಟವಾದ ತೈವಾನಿನ ದೊಡ್ಡ ಪ್ರಯೋಗದಲ್ಲಿ ಬಿಸ್ಮತ್‌ನ ಹಳೆಯ ಮೂರು ಮದ್ದುಗಳಿಗೆ ಆಮ್ಲ ತಗ್ಗಿಸುವ ಮಾತ್ರೆಯನ್ನೂ ಸೇರಿಸಿದ ಬಿಸ್ಮತ್ ಚತುರ್ವಳಿ ಹತ್ತು ದಿನಗಳಲ್ಲಿ ಶೇ 90.4ರಷ್ಟು ಗೆದ್ದರೆ, ಹದಿನಾಲ್ಕು ದಿನದ ತ್ರಿವಳಿ ಶೇ 83.7ಕ್ಕೆ ನಿಂತಿತು. ಕ್ಲಾರಿಥ್ರೊಮೈಸಿನ್ ನಿರೋಧ ಹೆಚ್ಚಿರುವ ಕಡೆ ತ್ರಿವಳಿಯ ಗೆಲುವು ಇನ್ನೂ ಕುಸಿಯುತ್ತದೆ. ಒಂದು ದೇಶದ ಫಲಿತಾಂಶವನ್ನು ಇನ್ನೊಂದು ಕಡೆ ಕಣ್ಣುಮುಚ್ಚಿ ಬಳಸುವಂತಿಲ್ಲ.

2024ರ ಅಮೆರಿಕದ ಮಾರ್ಗಸೂಚಿ ಮೊದಲ ಚಿಕಿತ್ಸೆಯಾಗಿ ಹದಿನಾಲ್ಕು ದಿನದ ಬಿಸ್ಮತ್ ಚತುರ್ವಳಿಯನ್ನೇ ಮುಂದಿಟ್ಟಿದೆ. ಕ್ಲಾರಿಥ್ರೊಮೈಸಿನ್ ಬೇಕೆಂದರೆ ಬ್ಯಾಕ್ಟೀರಿಯ ಅದಕ್ಕೆ ಬಗ್ಗುತ್ತದೆಯೇ ಎಂದು ಮೊದಲು ತಿಳಿದಿರಬೇಕು.

ಯಾವ ಜೋಡಣೆಯಾದರೂ ಮುಗಿದು ನಾಲ್ಕು ವಾರ ಕಳೆದ ಮೇಲೆ ಉಸಿರಿನ ಅಥವಾ ಮಲದ ಪರೀಕ್ಷೆ ಆಗಲೇಬೇಕು. ಬ್ಯಾಕ್ಟೀರಿಯ ಉಳಿದಿದ್ದರೂ ಆಮ್ಲ ತಗ್ಗಿಸುವ ಮಾತ್ರೆಯೊಂದೇ ನೋವನ್ನು ಅಡಗಿಸಬಲ್ಲದು.