ಉತ್ತರಿಸದ ಎಪ್ಪತ್ತು ಮಂದಿ

2008ರಲ್ಲಿ ಆಸ್ಟ್ರೇಲಿಯಾದ ಅಂಕಿಅಂಶ ಬ್ಯೂರೋ ನಡೆಸಿದ ಸಮೀಕ್ಷೆಯ ಪ್ರಕಾರ, ಆ ದೇಶದ ಮೂಲನಿವಾಸಿಗಳಲ್ಲಿ 15ರಿಂದ 64 ವರ್ಷದೊಳಗಿನ ಶೇ. 53.8ರಷ್ಟು ಮಂದಿಗೆ ಉದ್ಯೋಗವಿತ್ತು. 2014–15ರ ಹೊತ್ತಿಗೆ ಈ ಪ್ರಮಾಣ ಶೇ. 48.4ಕ್ಕೆ ಇಳಿದಿತ್ತು. ಇಷ್ಟನ್ನೇ ಓದಿದವರಿಗೆ ಮಾರುಕಟ್ಟೆಯಲ್ಲಿ ಉದ್ಯೋಗಗಳು ಕರಗಿಹೋದವೆಂದು ತೋರುವುದು ಸಹಜ. ಆದರೆ ಕರಗಿದ್ದು ಬಹುಮಟ್ಟಿಗೆ ಒಂದು ಸರ್ಕಾರಿ ಯೋಜನೆ. 1977ರಲ್ಲಿ ಆರಂಭವಾದ ಸಮುದಾಯ ಅಭಿವೃದ್ಧಿ ಉದ್ಯೋಗ ಯೋಜನೆಯಲ್ಲಿ ಜನರು ತಮ್ಮ ಸಮುದಾಯಕ್ಕಾಗಿ ದುಡಿದು, ಹೆಚ್ಚುಕಡಿಮೆ ನಿರುದ್ಯೋಗ ಭತ್ಯೆಯಷ್ಟೇ ಹಣ ಪಡೆಯುತ್ತಿದ್ದರು. ಸಮೀಕ್ಷೆ ಅವರನ್ನು ಉದ್ಯೋಗಸ್ಥರೆಂದೇ ಎಣಿಸುತ್ತಿತ್ತು. ಯೋಜನೆಯನ್ನು ಹಂತಹಂತವಾಗಿ ಮುಚ್ಚಿದ ಮೇಲೆ, ಭತ್ಯೆಗಾಗಿ ಅದೇ ಬಗೆಯ ಕೆಲಸ ಮಾಡಿದವರೂ ಉದ್ಯೋಗಸ್ಥರ ಪಟ್ಟಿಯಿಂದ ಹೊರಬಿದ್ದರು. ಯೋಜನೆಯಲ್ಲಿದ್ದವರನ್ನು ಕಳೆದು ನೋಡಿದರೆ 2008ರ ಪ್ರಮಾಣ ಶೇ. 48.2 ಮಾತ್ರ, ಅಂದರೆ ಉಳಿದ ಉದ್ಯೋಗಗಳಲ್ಲಿ ಏರಿಕೆಯೂ ಇರಲಿಲ್ಲ, ಇಳಿಕೆಯೂ ಇರಲಿಲ್ಲ.

ಸಮೀಕ್ಷೆಯ ನಿಖರತೆ ಎಂದೊಡನೆ ನಾವು ಮಾದರಿಯ ಗಾತ್ರದ ಮಾತಾಡುತ್ತೇವೆ. ಮೂಲನಿವಾಸಿಗಳ ಉದ್ಯೋಗದ ವಿಷಯದಲ್ಲಿ ಅದಕ್ಕಿಂತ ದೊಡ್ಡ ತೊಡಕು ಯಾರನ್ನು ಏನೆಂದು ಎಣಿಸುತ್ತೇವೆ, ಯಾರು ಎಣಿಕೆಗೇ ಸಿಗುವುದಿಲ್ಲ ಎಂಬುದರಲ್ಲಿದೆ ಎಂದು ನನಗೆ ತೋರುತ್ತದೆ. ಸಮೀಕ್ಷೆಯ ವಾರದಲ್ಲಿ ಒಂದು ಗಂಟೆ ಸಂಬಳಕ್ಕೆ ದುಡಿದರೂ ಉದ್ಯೋಗಸ್ಥ. ಈ ಅಳತೆ ಆಸ್ಟ್ರೇಲಿಯಾದ್ದಷ್ಟೇ ಅಲ್ಲ, ನಮ್ಮ ಆವರ್ತಕ ಕಾರ್ಮಿಕ ಸಮೀಕ್ಷೆಯ ವಾರದ ಲೆಕ್ಕವೂ ಇದನ್ನೇ ಬಳಸುತ್ತದೆ. ಕೆಲಸವಿಲ್ಲದವನು ನಿರುದ್ಯೋಗಿ ಎನಿಸಿಕೊಳ್ಳಬೇಕಾದರೆ ಕೆಲಸವನ್ನು ಹುಡುಕುತ್ತಲೂ ಇರಬೇಕು. ಅಂಗಡಿ, ಶಾಲೆ, ಚಿಕಿತ್ಸಾಲಯ ಬಿಟ್ಟರೆ ಕೆಲಸ ಕೊಡುವವರೇ ಇಲ್ಲದ ಮರುಭೂಮಿಯ ಊರಿನಲ್ಲಿ ಆತ ಯಾರ ಬಾಗಿಲು ತಟ್ಟಬೇಕು? ಹುಡುಕುವುದನ್ನು ಬಿಟ್ಟವನು ಶ್ರಮಬಲದಿಂದಲೇ, ಅಂದರೆ ಕೆಲಸದಲ್ಲಿರುವವರ ಮತ್ತು ಕೆಲಸ ಹುಡುಕುವವರ ಒಟ್ಟು ಲೆಕ್ಕದಿಂದಲೇ, ಹೊರಗುಳಿಯುತ್ತಾನೆ, ಊರಿನ ನಿರುದ್ಯೋಗದ ಅಂಕಿ ತಗ್ಗುತ್ತದೆ.

ಕೆಲಸ ಹುಡುಕಲು ನೆರವಾಗುವ ಉದ್ಯೋಗ ಸೇವೆ ಪಡೆದವರ ಫಲಿತಾಂಶ ತಿಳಿಯಲು ಆಸ್ಟ್ರೇಲಿಯಾ ಸರ್ಕಾರ ವರ್ಷಗಳ ಕಾಲ, ಸೇವೆ ಮುಗಿದ ಸುಮಾರು ಮೂರು ತಿಂಗಳ ನಂತರ ಅವರನ್ನು ಸಮೀಕ್ಷೆಯ ಮೂಲಕ ಸಂಪರ್ಕಿಸುತ್ತಿತ್ತು. ಆ ಮೂರು ತಿಂಗಳಲ್ಲಿ ಒಬ್ಬ ಯುವಕ ಬಂಧುವಿನ ಅಂತ್ಯಕ್ರಿಯೆಗೆಂದು ನೂರಾರು ಕಿಲೋಮೀಟರ್ ದೂರ ಹೋಗಿರಬಹುದು, ಮೊಬೈಲ್ ಸಂಖ್ಯೆ ಬದಲಾಗಿರಬಹುದು, ಸರ್ಕಾರದ ಮುದ್ರೆಯಿರುವ ಲಕೋಟೆಯನ್ನು ಭಯದಿಂದಲೇ ಬದಿಗಿಟ್ಟಿರಬಹುದು. ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ನೂರು ಜನರಲ್ಲಿ ಮೂವತ್ತು ಮಂದಿ ಉತ್ತರಿಸಿದರು, ಅವರಲ್ಲಿ ಹದಿನೆಂಟು ಜನರಿಗೆ ಕೆಲಸ ಸಿಕ್ಕಿತ್ತು, ವರದಿ ಶೇ. 60 ಎನ್ನುತ್ತದೆ. ಉತ್ತರಿಸದ ಎಪ್ಪತ್ತು ಮಂದಿಯಲ್ಲಿ ಇಪ್ಪತ್ತು ಜನರಿಗಷ್ಟೇ ಕೆಲಸವಿದ್ದರೆ ನಿಜವಾದ ಪ್ರಮಾಣ ಶೇ. 38. ವಯಸ್ಸು, ಲಿಂಗ, ಪ್ರದೇಶಗಳ ಆಧಾರದ ಮೇಲೆ ತೂಕ ಕೊಟ್ಟು, ಅಂದರೆ ಕಡಿಮೆ ಉತ್ತರ ಬಂದ ಗುಂಪಿನ ಪ್ರತಿ ಉತ್ತರವನ್ನು ಹೆಚ್ಚಾಗಿ ಎಣಿಸಿ, ಈ ಅಂತರವನ್ನು ಕಿರಿದಾಗಿಸಬಹುದಾದರೂ, ಒಂದೇ ವಯಸ್ಸಿನ, ಒಂದೇ ಊರಿನ ಇಬ್ಬರಲ್ಲಿ ಕೆಲಸ ಸಿಕ್ಕವನೇ ಫೋನ್ ಎತ್ತುವ ಸಾಧ್ಯತೆ ಹೆಚ್ಚಿದ್ದರೆ ಯಾವ ತೂಕವೂ ಅದನ್ನು ಸರಿಪಡಿಸಲಾರದು.

ಹಾಗಾದರೆ ಸರ್ಕಾರದ ನಿರುದ್ಯೋಗ ಭತ್ಯೆಯ ಕಡತಗಳನ್ನೇ ನೋಡಬಾರದೇ ಎಂದು ಕೇಳಬಹುದು. ಕಡತ ಎಲ್ಲರನ್ನೂ ಒಳಗೊಳ್ಳುತ್ತದೆ ನಿಜ. ಆದರೆ ಭತ್ಯೆ ನಿಂತಿತೆಂದರೆ ಕೆಲಸ ಸಿಕ್ಕಿತೆಂದೇ ಅರ್ಥವಲ್ಲ. ದೂರದ ಪ್ರದೇಶಗಳಿಗಾಗಿ 2015ರಲ್ಲಿ ಬಂದ ಯೋಜನೆ ಭತ್ಯೆ ಪಡೆಯುವವರಿಂದ ವಾರಕ್ಕೆ 25 ಗಂಟೆಗಳವರೆಗೆ ಕೆಲಸದಂಥ ಚಟುವಟಿಕೆ ಬೇಡುತ್ತಿತ್ತು, ತಪ್ಪಿಸಿದವರ ಭತ್ಯೆಗೆ ಕತ್ತರಿ ಬೀಳುತ್ತಿತ್ತು. ದಂಡಕ್ಕೆ ಬೇಸತ್ತು ಹೆಸರು ತೆಗೆಸಿದವನೂ ಕೆಲಸ ಹಿಡಿದವನೂ ಆ ಕಡತದಲ್ಲಿ ಒಂದೇ ರೀತಿ ಕಾಣುತ್ತಾರೆ.

ಜನಗಣತಿಯೂ ಈ ತೊಡಕಿನಿಂದ ಹೊರತಲ್ಲ. 2021ರ ಗಣತಿಯಲ್ಲಿ 8,12,728 ಮಂದಿ ಮೂಲನಿವಾಸಿಗಳೆಂದು ದಾಖಲಾದರು, 2016ಕ್ಕಿಂತ ಶೇ. 25ರಷ್ಟು ಹೆಚ್ಚು; ಜನನಗಳಿಂದಷ್ಟೇ ಇಷ್ಟು ಏರಿಕೆ ಸಾಧ್ಯವಿಲ್ಲ. ಹಿಂದೆ ಗುರುತು ಹೇಳಿಕೊಳ್ಳದಿದ್ದ ಅನೇಕರು ಈಗ ಹೇಳಿಕೊಂಡಿದ್ದಾರೆ, ಅದು ಸಂತೋಷದ ವಿಷಯವೇ. ಇನ್ನೊಂದೆಡೆ, ಗಣತಿಯ ನಂತರದ ತಪಾಸಣೆಯ ಅಂದಾಜಿನಂತೆ ಮೂಲನಿವಾಸಿಗಳಲ್ಲಿ ಶೇ. 17.4ರಷ್ಟು ಮಂದಿ ಎಣಿಕೆಯಿಂದ ತಪ್ಪಿಹೋಗಿದ್ದರು. 25ರಿಂದ 64 ವರ್ಷದವರ ಉದ್ಯೋಗ ಪ್ರಮಾಣ ಈ ಎರಡು ಗಣತಿಗಳ ನಡುವೆ ಶೇ. 51.0ರಿಂದ 55.7ಕ್ಕೆ ಏರಿದೆ. ಹೊಸದಾಗಿ ಗುರುತಿಸಿಕೊಂಡವರಲ್ಲಿ ಕೆಲಸದಲ್ಲಿರುವ ನಗರವಾಸಿಗಳೇ ಹೆಚ್ಚಿದ್ದರೆ, ಆ ಏರಿಕೆಯ ಒಂದು ಪಾಲು ಯಾರಿಗೂ ಹೊಸದಾಗಿ ಕೆಲಸ ಸಿಗದೆಯೇ ಬಂದದ್ದಾಗಿರುತ್ತದೆ.